ಸಬ್‌ಸೆಂಟರಿಗೆ ತೋರಿಸದ ಕಾಲು

ಮೈಕು

ನಮ್ಮೂರಿನ ಆರೋಗ್ಯ ಸಬ್‌ಸೆಂಟರಿಗೆ ಸುಣ್ಣ ಬಣ್ಣ ಆಯಿತು. ಹೊಸ ನರ್ಸಮ್ಮ ಬಂದಳು. ಅವತ್ತು ಸಮಾರಂಭಕ್ಕೆ ನನ್ನನ್ನು ಮುಂದೆ ಕರೆದರು. ರಿಬ್ಬನ್ ಕತ್ತರಿಸುವುದಕ್ಕೆ ಅಂದುಕೊಂಡೆ. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಹೋದೆ.

ಶಾಮಿಯಾನ ಇತ್ತು, ಕುರ್ಚಿ ಇತ್ತು, ಮೈಕು ಇತ್ತು. ರಿಬ್ಬನ್ ಇರಲಿಲ್ಲ.

ನರ್ಸಮ್ಮ ಗದಗದ ಕಡೆಯ ಹುಡುಗಿ. ನನ್ನನ್ನು ಮೊದಲ ಕುರ್ಚಿಯಲ್ಲಿ ಕೂರಿಸಿದಳು. "ಅಜ್ಜಾರ, ಊರಿಗೆ ಹಿರಿಯರು ನೀವ. ಮೊದಲ ನಿಮ್ಮದ ಚೆಕ್ ಮಾಡ್ತೀನ್ರಿ. ಉಳಿದವ್ರಿಗೂ ಧೈರ್ಯ ಬರ್ತೈತಿ" ಎಂದು ಬೆರಳು ಹಿಡಿದು ಚುಚ್ಚಿಯೇಬಿಟ್ಟಳು. ಮೇಜಿನ ಮೇಲಿದ್ದ ಮೈಕನ್ನು ಯಾರೂ ಆಫ್ ಮಾಡಿರಲಿಲ್ಲ.

"ಅಜ್ಜಾರ, ನಿಮಗ ಸಕ್ಕರಿ ಭಾಳ ಐತ್ರಿ."

ಕೆರೆ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದವರೂ ನಿಂತರು.

ನಾನು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಹೊಳೆನರಸೀಪುರ, ಅರಕಲಗೂಡು, ಹಾಸನ, ಈ ದಾರಿಗಳಲ್ಲೇ ಸರ್ವೀಸು ಮುಗಿಸಿದವನು. ಕಾಯಿಲೆ ಅಂತ ಒಂದು ರಜ ಹಾಕಿದವನಲ್ಲ. ಊರಲ್ಲಿ ಅದೇ ನನ್ನ ಹೆಸರು.

ನರ್ಸಮ್ಮ ನಿಲ್ಲಿಸಲಿಲ್ಲ. "ಕಾಲು ಜ್ವಾಪಾನ್ರಿ. ಸಣ್ಣ ಗಾಯ ಆದ್ರೂ ಅವತ್ತ ಬಂದು ತೋರಿಸ್ಬೇಕು. ಬಿಟ್ರ ಮೊದಲ ಬೆರಳು ಹೋಗ್ತೈತಿ, ಆಮ್ಯಾಲ ಪಾದ ಹೋಗ್ತೈತಿ." ಅದೂ ಮೈಕಿನಲ್ಲೇ.

ಹಿಂದಿನ ಸಾಲಿನಿಂದ ಡೈರಿ ಸೆಕ್ರೆಟ್ರಿ ಎದ್ದು ನಿಂತ. ಪಕ್ಕದ ಮನೆಯವನು, ನನ್ನ ಓರಗೆಯವನು. ಹಾಲಿನ ಡೈರಿಯ ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಸೆಕ್ರೆಟ್ರಿ ಎನ್ನುವುದು ಅವನನ್ನು ಬಿಟ್ಟಿಲ್ಲ.

"ಮೇಡಂ, ನಮ್ ಡ್ರೈವರಣ್ಣ ಪಾಸಾ, ಫೇಲಾ?"

"ಇದು ಪಾಸು ಫೇಲು ಅಲ್ಲರೀ" ಎಂದಳು ನರ್ಸಮ್ಮ.

"ಫೇಲ್ ಆದೋರ್ ಅಪ್ಪ ಅವ್ವಂಗೆ ಮೇಷ್ಟ್ರು ಅಂಗೇ ಯೋಳದು ಕಣ್ಲಾ" ಎಂದ ಸೆಕ್ರೆಟ್ರಿ ಪಕ್ಕದವನಿಗೆ.

ನಾನು ಮೈಕನ್ನು ಆಫ್ ಮಾಡಿ ಮನೆಗೆ ಬಂದೆ.

ಪರೀಕ್ಷೆ

ಅವತ್ತಿನಿಂದ ಊರಿಗೆ ಅದು ಪರೀಕ್ಷೆಯೇ ಆಯಿತು. ನನ್ನ ಹಾಗೆ ಆಗಬಾರದು ಎಂದು ಎಲ್ಲರೂ ತಯಾರಿ ನಡೆಸಿದರು.

ನರ್ಸಮ್ಮ ರಕ್ತ ನೋಡುವ ದಿನ ಹತ್ತಿರ ಬಂದರೆ ಊರಿನಲ್ಲಿ ಹಾಗಲಕಾಯಿ ಸಿಗುತ್ತಿರಲಿಲ್ಲ. ಮನೆಮನೆಯಲ್ಲೂ ಮೆಂತ್ಯ ನೆನೆಯುತ್ತಿತ್ತು. ಎರಡು ಮುದ್ದೆ ಉಣ್ಣುವವನು ಅರ್ಧ ಮುದ್ದೆಗೆ ಕೈ ತೊಳೆಯುತ್ತಿದ್ದ. ತೋಟಕ್ಕೂ ಸ್ಕೂಟರಿನಲ್ಲಿ ಹೋಗುತ್ತಿದ್ದವರು ಬೆಳಿಗ್ಗೆ ಎದ್ದು ಅರಕಲಗೂಡು ರಸ್ತೆಯಲ್ಲಿ ಕೈ ಬೀಸಿಕೊಂಡು ನಡೆಯುತ್ತಿದ್ದರು. ಬೆರಳು ಚುಚ್ಚಿಸಿಕೊಂಡು, ನಾರ್ಮಲ್ ಎನ್ನಿಸಿಕೊಂಡು, ಅಲ್ಲಿಂದ ನೇರ ಹೋಟೆಲಿಗೆ ಹೋಗಿ ಬೋಂಡ ತಿನ್ನುತ್ತಿದ್ದರು.

"ಈ ಊರಾಗ ನಿಮಗೊಬ್ಬರಿಗೇ ಸಕ್ಕರಿ ಐತೇನ್ರಿ ಅಜ್ಜಾರ?" ಎಂದು ನರ್ಸಮ್ಮ ಕೇಳಿದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯ.

ನಾನು ಹೋಟೆಲಿನ ಕಡೆ ನೋಡಿದೆ.

ಎಲ್ಲರಿಗಿಂತ ಹೆಚ್ಚು ಓದಿಕೊಂಡು ಬಂದವನು ಸೆಕ್ರೆಟ್ರಿ. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಅದು ಸಾಲದು ಅಂತ ನಮ್ಮ ಮನೆ ಕಿಟಕಿಯಲ್ಲಿದ್ದ ನರ್ಸಮ್ಮ ನನಗೆ ಕೊಟ್ಟಿದ್ದ ಸಕ್ಕರೆ ಕಾಯಿಲೆ ಮಾತ್ರೆ ಎರಡನ್ನು ಕೇಳದೆ ನುಂಗಿ, ಉಳಿದದ್ದನ್ನು ಜೇಬಿಗೆ ಹಾಕಿಕೊಂಡಿದ್ದ. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದವನು ಬೆವರಿದ, ನಡುಗಿದ, ನನ್ನ ಭುಜದ ಮೇಲೆ ಒರಗಿದ. ಮೊದಲು ಸಲಿಗೆ ಅಂದುಕೊಂಡೆ. ಆಮೇಲೆ ಜಾರಿ ನೆಲಕ್ಕೆ ಬಂದ.

ನರ್ಸಮ್ಮ ಓಡಿ ಬಂದಳು. ಬೆರಳು ಚುಚ್ಚಿ ಯಂತ್ರದಲ್ಲಿ ನೋಡಿ ಹೌಹಾರಿದಳು. ಸಕ್ಕರೆ ತೀರಾ ಇಳಿದಿತ್ತು. ತಲೆ ಎತ್ತಿ ಹಿಡಿದು ಲೋಟದ ತುಂಬ ಸಕ್ಕರೆ ನೀರು ಸ್ವಲ್ಪ ಸ್ವಲ್ಪವಾಗಿ ಕುಡಿಸಿದಳು. ಅವನ ಜೇಬಿನಲ್ಲಿದ್ದ ಮಾತ್ರೆ ಶೀಟು ಆಚೆ ಬಿತ್ತು.

ನನ್ನ ಹೆಂಡತಿ ಅಲ್ಲೇ ಇದ್ದಳು. ಶೀಟು ಎತ್ತಿಕೊಂಡಳು. "ಇದು ನಮ್ಮನೇದು. ಇಷ್ಟೊಂದು ಎಂಗೆ ಮಿಕ್ಕದೆ? ದಿನಾ ತಿಂತೀನಿ ಅಂತಿದ್ರಲ್ಲ ನೀವು?"

ಊರೆಲ್ಲ ಬಿದ್ದವನನ್ನು ಬಿಟ್ಟು ನನ್ನನ್ನು ನೋಡಿತು.

ಅಷ್ಟರಲ್ಲಿ ಸೆಕ್ರೆಟ್ರಿ ಕಣ್ಣು ಬಿಟ್ಟ. ತುಟಿ ನೆಕ್ಕಿಕೊಂಡ. ರುಚಿ ಗೊತ್ತಾಯಿತು. ನರ್ಸಮ್ಮನ ಕೈ ಹಿಡಿದುಕೊಂಡ.

"ಅವ್ವಾ, ಸಕ್ರೆ ಕುಡ್ಸ್ಬುಟ್ಯಲ್ಲವ್ವ! ಈಗ ಮಾತ್ರ ಚೆಕ್ ಮಾಡ್ಬ್ಯಾಡ ಕಣವ್ವ. ಫೇಲಾಯ್ತೀನಿ."

ಕಾಲುಚೀಲ

ಬೇಸಿಗೆಯಲ್ಲಿ ಹೊಸ ಚಪ್ಪಲಿ ಕಚ್ಚಿತು. ಎಡಗಾಲಿನ ಕಿರುಬೆರಳು. ನೋಯಲಿಲ್ಲ. ನೋಯದ್ದಕ್ಕೆ ನೋಡಲಿಲ್ಲ. ನೋಡಿದಾಗ ಹಸಿ ಗಾಯ.

ನರ್ಸಮ್ಮ ಮೈಕಿನಲ್ಲಿ ಹೇಳಿದ್ದು ನೆನಪಿತ್ತು. ಆದರೆ ನಮ್ಮ ಸಬ್‌ಸೆಂಟರ್ ಇರುವುದು ಡೈರಿಯ ಎದುರಿಗೆ. ಡ್ರೆಸ್ಸಿಂಗ್ ಮಾಡುವುದು ಹೊರಗಿನ ಬೆಂಚಿನ ಮೇಲೆ, ಬೆಳಕಿಗೆ. ಬೆಳಿಗ್ಗೆ ಹಾಲು ಹಾಕಲು ನಿಂತ ಇಡೀ ಊರಿನ ಮುಂದೆ ಕಾಲು ಚಾಚಿ ಕೂರಬೇಕು. ಮೊದಲೇ ಫೇಲಾದವನು.

ಹೊಳೆನರಸೀಪುರಕ್ಕೆ ಹೋಗಿ ಕಾಲುಚೀಲ ತಂದೆ. ಸರ್ವೀಸಿನಲ್ಲಿ ಇದ್ದಾಗಲೂ ಹಾಕಿದವನಲ್ಲ. ಪಂಚೆ, ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ. ಚಪ್ಪಲಿಯ ಬಾರು ಬೆರಳ ಸಂದಿಗೆ ಹೋಗಲು ಒಪ್ಪದೆ ಕಾಲು ಎಳೆದು ನಡೆದೆ.

"ಯಾರ್ ಮದ್ವೆ?" ಎಂದಳು ಹೆಂಡತಿ.

"ಚಳಿ."

"ಈ ಬಿಸ್ಲಲ್ಲಾ?"

"ಹೂಂ."

ಅವಳು ಹೆದರಿದಳು. ನಮ್ಮ ತಮ್ಮನ ಸೊಸೆ ಊರಿನ ಆಶಾ ಕಾರ್ಯಕರ್ತೆ. ಹೇಳಿ ಕಳಿಸಿದಳು. ಆ ಹುಡುಗಿ ಸಾಮಾನಿನ ಚೀಲ ತಗೊಂಡು ಬಂದಳು.

"ದೊಡ್ಡಮಾವ, ಬಿಸ್ಲಲ್ಲಿ ಚಳಿ ಅಂದ್ರೆ ಮಲೇರಿಯಾ ಇರ್ಬೈದು. ರಕ್ತ ತಕ್ಕೊಬೇಕು. ಬೆರಳು ಕೊಡಿ."

ಚಳಿ ಅಂದವನು ನಾನೇ. ಈಗ ಇಲ್ಲ ಅಂದರೆ ಕಾಲುಚೀಲ ಯಾಕೆ ಅಂತ ಕೇಳುತ್ತಾರೆ.

ಬೆರಳು ಕೊಟ್ಟೆ. ಕೈಯದು.

ಟಗರು

ಗಾಯ ದೊಡ್ಡದಾಯಿತು. ಎಲ್ಲಾದರೂ ತೋರಿಸಲೇಬೇಕಿತ್ತು. ಹೊಳೆನರಸೀಪುರಕ್ಕೆ ಹೋದರೆ ಆಸ್ಪತ್ರೆಯ ಗೇಟಿನಲ್ಲೇ "ಏನ್ ಡ್ರೈವರಣ್ಣ ಇಲ್ಲಿ?" ಅನ್ನುತ್ತಾರೆ. ಅರಕಲಗೂಡಿನಲ್ಲಿ ಟೀ ಅಂಗಡಿಯವನೇ ಕೂಗಿ ಕರೆಯುತ್ತಾನೆ. ಹಾಸನ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವವಳಿಗೂ ನಾನು ಗೊತ್ತು. ಮುಖ ಪರಿಚಯ ಇಲ್ಲದ ಊರು ಅಂದರೆ ಚನ್ನರಾಯಪಟ್ಟಣ. ಆ ರೂಟು ನನಗೆ ಯಾವತ್ತೂ ಬಿದ್ದಿರಲಿಲ್ಲ.

ಅಲ್ಲಿಗೆ ಹೋದೆ. ಸಂತೆ ದಿನ. ದೊಡ್ಡಾಸ್ಪತ್ರೆಯಲ್ಲಿ ಚೀಟಿ ಬರೆಸಿ ಸಾಲಿನಲ್ಲಿ ನಿಂತೆ. ಯಾರೂ ಪರಿಚಯದವರಿಲ್ಲ. ನೆಮ್ಮದಿಯಾಯಿತು.

ಮುಂದಿನವನು ತಲೆಯ ಮೇಲೆ ಟವಲ್ ಹೊದ್ದು ಗೋಡೆಗೆ ಮುಖ ಮಾಡಿ ನಿಂತಿದ್ದ. ಸಾಲು ಸರಿಯಿತು, ಅವನು ಸರಿಯಲಿಲ್ಲ. ಬೆನ್ನು ತಟ್ಟಿದೆ. ತಿರುಗಿದ.

ಸೆಕ್ರೆಟ್ರಿ.

ಟವಲನ್ನು ತಲೆಯಿಂದ ಹೆಗಲಿಗೆ ಎಳೆದುಕೊಂಡ.

"ಏನ್ ಡ್ರೈವರಣ್ಣ, ಇತ್ಲಾಗೆ?"

"ಟಗರು ನೋಡಕ್ಕೆ ಬಂದೆ. ಸಂತೆಗೆ."

"ಆಸ್ಪತ್ರೇಲಾ?"

"ದಾರಿ. ನೀನು?"

"ನಾನೂ ಟಗ್ರಿಗೇ ಕಣಪ್ಪ."

ಅವನ ಕೈಯಲ್ಲಿ ಚೀಟಿ ಇತ್ತು. ನನ್ನ ಕೈಯಲ್ಲೂ ಇತ್ತು. ಇಬ್ಬರೂ ಜೇಬಿಗೆ ಹಾಕಿಕೊಂಡೆವು. ಅವನು "ನಡಿ ಮತ್ತೆ, ಒತ್ತಾದ್ರೆ ಒಳ್ಳೆ ಮಾಲು ಓಯ್ತದೆ" ಎಂದ. ನನ್ನ ಸರದಿಗೆ ಇನ್ನು ನಾಲ್ಕೈದು ಜನ ಇದ್ದರು. ಸಾಲು ಬಿಟ್ಟು ಹೊರಟೆ.

ಸಂತೆಯಲ್ಲಿ ಟಗರು ನೋಡಿದೆವು. ಅವನು ಹೋಗಲಿ ಅಂತ ನಾನು ಕಾದೆ, ನಾನು ಹೋಗಲಿ ಅಂತ ಅವನು ಕಾದ. ಒಬ್ಬರು ಬಿಟ್ಟರೆ ಒಬ್ಬರು ಆಸ್ಪತ್ರೆಗೆ ಓಡುವುದು ಇಬ್ಬರಿಗೂ ಗೊತ್ತಿತ್ತು. ಬಿಡಲಿಲ್ಲ. ಹಲ್ಲು ನೋಡಿದೆವು, ಬೆನ್ನು ಹಿಚುಕಿದೆವು, ಕೊಂಬು ಹಿಡಿದು ಅಲ್ಲಾಡಿಸಿದೆವು. ಕೊನೆಗೆ ಟಗರಿನವನು ಸಿಟ್ಟಾದ. "ಯಜಮಾನ್ರೇ, ತಗಳದಾದ್ರೆ ತಗಳಿ, ಇಲ್ದಿದ್ರೆ ಅದ್ನ ಉಸ್ರಾಡಕ್ಕೆ ಬಿಡಿ."

ಆಸ್ಪತ್ರೆ ಬಾಗಿಲು ಹಾಕುವ ಹೊತ್ತಾಗಿತ್ತು. ನಾನು ಟಗರು ತಗೊಂಡೆ.

ಲಗೇಜ್ ಆಟೋ ಹಿಂದೆ ಮೂವರೂ ನಿಂತು ಊರಿಗೆ ಬಂದೆವು. ಟಗರು ದಾರಿಯುದ್ದಕ್ಕೂ ನನ್ನ ಎಡಗಾಲನ್ನೇ ತುಳಿಯಿತು. ನಾನು ಮುಖ ಸೊಟ್ಟಗೆ ಮಾಡಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ಟಗರನ್ನು ನೋಡಿದಳು, ನನ್ನ ಕಾಲುಚೀಲವನ್ನೂ ನೋಡಿದಳು.

"ಇದ್ಕೂ ಚಳಿಯಾ?" ಎಂದಳು.

ಆಶೀರ್ವಾದ

ಮನೆಯಲ್ಲಿ ವಾಸನೆ ಶುರುವಾಯಿತು.

"ಎಲ್ಲೋ ಇಲಿ ಸತ್ತದೆ" ಎಂದಳು ಹೆಂಡತಿ. ಹುಡುಕಿದಳು. ಅಟ್ಟದ ಸಾಮಾನು ಇಳಿಸಿದಳು. ರಾಗಿ ಚೀಲಗಳನ್ನು ಹೊರಗೆ ಹಾಕಿಸಿದಳು. ನಾನೂ ಹುಡುಕಿದೆ. ಹುಡುಕದೆ ಕೂತರೆ ಅನುಮಾನ ಬರುತ್ತದೆ. ನಾನು ಅಡುಗೆಮನೆಗೆ ಹೋದರೆ "ಇಲ್ಲೇ ಅದೆ ಕಣ್ರೀ" ಅನ್ನುತ್ತಿದ್ದಳು. ನಡುಮನೆಗೆ ಬಂದರೆ "ಇಲ್ಲ, ಇಲ್ಲಿ" ಅನ್ನುತ್ತಿದ್ದಳು. ಸೆಕ್ರೆಟ್ರಿಯೂ ಸಹಾಯಕ್ಕೆ ಬಂದು ಮಂಚದ ಕೆಳಗೆ ತೂರಿ ಕೋಲು ಆಡಿಸುತ್ತಿದ್ದ.

ಆ ಹೊತ್ತಿಗೆ ನರ್ಸಮ್ಮ ಬಂದಳು. ಮಲೇರಿಯಾ ಇಲ್ಲ ಎಂದು ಹೇಳಲು ತಮ್ಮನ ಸೊಸೆಯ ಜೊತೆ ಬಂದವಳು. ಹೊಸ್ತಿಲಲ್ಲಿ ನಿಂತಳು. ಮೂಗು ಅರಳಿತು. ಮಂಚದ ಕೆಳಗೆ ನೋಡಲಿಲ್ಲ, ಅಟ್ಟ ನೋಡಲಿಲ್ಲ. ನನ್ನ ಕಾಲುಚೀಲ ನೋಡಿದಳು.

"ಅಜ್ಜಾರ, ಕಾಲು ತೋರಿಸ್ರಿ."

"ಏನಿಲ್ಲ."

"ಚೂರ ತೋರಿಸ್ರಿ."

"ಏನಿಲ್ಲ ಅಂದೆ."

ಅವಳು ಬಲವಂತ ಮಾಡಲಿಲ್ಲ. ದನಿ ಸಣ್ಣದು ಮಾಡಿದಳು. "ಹೋಗ್ಲಿ ಬಿಡ್ರಿ. ಇವತ್ತ ನನ್ನ ಹುಟ್ಟಿದ ಹಬ್ಬರಿ. ನಮ್ಮ ಊರು ದೂರ. ಇಲ್ಲಿ ನನಗ ಹಿರಿಯರು ಅಂದ್ರ ನೀವ. ಆಶೀರ್ವಾದ ಮಾಡ್ರಿ ಅಜ್ಜಾರ."

ಹೆಂಡತಿ ಕೈಯಲ್ಲಿದ್ದ ಪೊರಕೆ ಬಿಸಾಡಿ ಒಳಗೆ ಓಡಿದಳು. "ಅಯ್ಯೋ ನಮ್ಮವ್ವ, ಮೊದ್ಲೇ ಯೋಳಬಾರ್ದಾ" ಎಂದು ತಟ್ಟೆಯಲ್ಲಿ ಅಕ್ಷತೆ ತಂದಳು. ನಾನು ಎದ್ದು ನಿಂತೆ. ಹೆಣ್ಣುಮಗಳು ಹುಟ್ಟಿದ ದಿನ ಬಂದು ಕಾಲಿಗೆ ಬಿದ್ದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುವ ಮನುಷ್ಯ ನಮ್ಮ ಕಡೆ ಇಲ್ಲ.

ಅವಳು ಬಗ್ಗಿದಳು. ನಾನು ಅಕ್ಷತೆ ಹಿಡಿದು ಕೈ ಎತ್ತಿದೆ. "ನೂರು ವರ್ಷ ಸುಖವಾಗಿ..." ಎನ್ನುವಷ್ಟರಲ್ಲಿ ಅವಳ ಎರಡೂ ಕೈ ನನ್ನ ಎಡಗಾಲನ್ನು ಹಿಡಿದಿದ್ದವು. ಬಸ್ಸಿನ ಹ್ಯಾಂಡ್ ಬ್ರೇಕಿನ ಹಾಗೆ ಹಿಡಿದಿದ್ದಳು. ಕಾಲುಚೀಲ ಒಂದೇ ಸಲಕ್ಕೆ ಆಚೆ ಬಂತು.

ಹೆಂಡತಿಯ ಕೈಯಲ್ಲಿದ್ದ ತಟ್ಟೆ ವಾಲಿ ಅಕ್ಷತೆಯೆಲ್ಲ ನೆಲಕ್ಕೆ ಬಿತ್ತು. ತಮ್ಮನ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಎತ್ತಿದ ಕೈ ಇಳಿಸುವುದು ಮರೆತೆ.

ಮಂಚದ ಕೆಳಗಿನಿಂದ ಸೆಕ್ರೆಟ್ರಿ ತಲೆ ಹೊರಗೆ ಹಾಕಿದ. ಅವನ ಮೂಗಿನ ಮುಂದೆಯೇ ನನ್ನ ಕಾಲು.

"ಅತ್ಗೆಮ್ಮ," ಎಂದು ಕೂಗಿದ, "ಇಲಿ ಸಿಕ್ತು!"

ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು, ನಗುತ್ತಲೇ ಅತ್ತಳು. ನರ್ಸಮ್ಮ ನಗಲಿಲ್ಲ. ಕಾಲು ಬಿಡದೆ ನೆಲದ ಮೇಲೆ ಕೂತಿದ್ದಳು. ಬೆರಳು ಕಪ್ಪಾಗಿತ್ತು.

"ನಾನು ದಿನಾ ಬಾಗಿಲು ತಕ್ಕೊಂಡು ಕೂತಿರ್ತೀನಲ್ರಿ ಅಜ್ಜಾರ" ಎಂದಳು. "ಯಾರ ಸಲುವಾಗಿ ಕೂತಿರ್ತೀನ್ರಿ?"

ನಾನು ಕಾಲನ್ನು ಅವಳ ಕೈಯಲ್ಲೇ ಬಿಟ್ಟೆ.

ಗಾಯ ತೊಳೆದು ಬಟ್ಟೆ ಸುತ್ತಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ಅದು ಬಂದು ನಿಂತಾಗ ಊರೆಲ್ಲ ಬೀದಿಯಲ್ಲಿತ್ತು. ನಾನು ಟವಲ್ ಮುಖಕ್ಕೆ ಹಾಕಿಕೊಂಡು ಮಲಗಿದೆ. "ಟವಲ್ ಆಕ್ಕಂಡ್ರೆ ಸತ್ತೋಗವ್ರೆ ಅನ್ಕತಾರೆ, ತಗೀರಿ" ಎಂದಳು ಹೆಂಡತಿ. ತೆಗೆದೆ.

ಸೆಕ್ರೆಟ್ರಿ ಬಾಗಿಲ ಹತ್ತಿರ ಬಂದು ನಿಂತ. ಅತ್ತ ಇತ್ತ ನೋಡಿ ನರ್ಸಮ್ಮನ ಕಿವಿಯ ಹತ್ತಿರ ಬಗ್ಗಿದ. "ನಂದೂ ಒಸಿ ನೋಡ್ಬುಡವ್ವ. ಬೋಂಡ ತಿಂದ್ಕಂಡೇ ಬತ್ತೀನಿ." ಆಮೇಲೆ ಗೊತ್ತಾಯಿತು, ಅವನ ಸಕ್ಕರೆ ನನಗಿಂತ ಜಾಸ್ತಿ.

ನರ್ಸಮ್ಮನ ಹುಟ್ಟಿದ ಹಬ್ಬ ಅವತ್ತಲ್ಲ. ಮಳೆಗಾಲದಲ್ಲಂತೆ. ಈಗ ಅವಳು ಯಾರ ಮನೆಯಲ್ಲಾದರೂ ನಮಸ್ಕಾರಕ್ಕೆ ಬಗ್ಗಿದರೆ ಗಂಡಸರು ಎದ್ದು ಹಿತ್ತಲಿಗೆ ಹೋಗುತ್ತಾರೆ. ಅಲ್ಲಿಗೂ ಹೋಗಿ ಹಿಡಿಯುತ್ತಾಳೆ.

ಹಾಸನದಲ್ಲಿ ಕಿರುಬೆರಳು ತೆಗೆದರು. ಪಾದ ಉಳಿಯಿತು.