ವೃಂದಾ ವೈನಿಯ ಹಾಗಲಕಾಯಿ ಬಳೆ

“ಕೈ ಮುಂದ ಮಾಡು, ಮಂದಾ! ಇನ್ನ ಒಂದು ತಗಣಿ ನಿನ್ನ ಹತ್ರ ಬಂತು ಅಂದ್ರ ನನ್ನ ಹೆಸರು ಬದಲಿ ಮಾಡು!”

ವಿಜಯಪುರದ ಪ್ರವಾಸಿ ಹಾಸ್ಟೆಲೊಂದರ ಎಂಟು ಮಂಚಗಳ ಕೋಣೆಯಲ್ಲಿ, ಮಟಮಟ ಮಧ್ಯಾಹ್ನ, ವೃಂದಾ ವೈನಿ ಹೀಗೆ ಘೋಷಿಸಿದರು. ಅವರ ನಾದಿನಿ ಮಂದಾಕಿನಿ ಒಂದು ಕೈಯಿಂದ ಬೆನ್ನು ತುರಿಸಿಕೊಳ್ಳುತ್ತಲೇ ಇನ್ನೊಂದನ್ನು ಚಾಚಿದಳು.

ಧಾರವಾಡದ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಊರೂರಿನ ಪತ್ರಗಳಿಗೆ ಮುದ್ರೆ ಒತ್ತಿದವಳು ಮಂದಾಕಿನಿ. ಆ ಊರುಗಳನ್ನೆಲ್ಲ ಒಮ್ಮೆ ಕಣ್ಣಾರೆ ನೋಡಬೇಕೆಂದು ನಿವೃತ್ತಿಯಾದ ಮೇಲೆ ವೈನಿಯ ಜೊತೆ ಹೊರಟಿದ್ದಳು. ಆದರೆ ಹಿಂದಿನ ಊರಿನ ಹಾಸ್ಟೆಲ್ಲಿನಲ್ಲಿ ತಿಗಣೆಗಳು ಕೋಣೆಯಲ್ಲಿದ್ದ ಉಳಿದ ಐವರನ್ನು ಬಿಟ್ಟು ಅವಳನ್ನೇ ಹುಡುಕಿ ಹುಡುಕಿ ಕಚ್ಚಿದ್ದವು. ಇನ್ನೊಂದು ಕಡಿತ ಬಿದ್ದರೆ ಸಂಜೆಯ ಬಸ್ಸಿಗೆ ವಾಪಸ್ಸು ಎಂದು ಅವಳು ಬೆಳಿಗ್ಗೆಯೇ ಸಾರಿಬಿಟ್ಟಿದ್ದಳು.

ವೈನಿ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರು ಸುಧಾರಿಸಿದ ಮಿಕ್ಸರು ಇವತ್ತಿಗೂ ಚಟ್ನಿಯನ್ನು ಮೊದಲು ಛಾವಣಿಗೆ ಬಡಿಸುತ್ತದೆ. ಈಗ ಅವರು ಮಂದಾಕಿನಿಯ ಕೈಗೆ ತೊಡಿಸಿದ್ದು ಒಂದು ದಪ್ಪ ತಾಮ್ರದ ಬಳೆ. ಅದರ ಮೇಲೊಂದು ತಿರುಪು.

“ಇದರಿಂದ ತರಂಗ ಹೊಂಡತದ. ತಗಣಿ ನಾಲಿಗಿಗೆ ನಿನ್ನ ರಕ್ತ ಹಾಗಲಕಾಯಿ ಆಗತದ!”

“ತಗಣಿಗೆ ನಾಲಿಗಿ ಎಲ್ಲಿರತದ, ವೈನಿ?”

“ವಿಜ್ಞಾನದಾಗ ಅಡ್ಡಬಾಯಿ ಹಾಕಬ್ಯಾಡ!”

ಅಷ್ಟರಲ್ಲಿ ಹಾಸ್ಟೆಲ್ಲಿನ ಮ್ಯಾನೇಜರ್ ಗುರುಸಿದ್ದಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. “ಏನ್ರೀ ಅಕ್ಕಾರ, ತಗಣಿ ತಗಣಿ ಅಂತ ಒದರಾಕತ್ತೀರಿ? ನಮ್ಮಲ್ಲಿ ಬೇಕಂದ್ರೂ ಒಂದ ಸಿಗೂದಿಲ್ರಿ!”

ಅವನ ಬಿಳಿ ಕಾಲರಿನ ಮೇಲೆ ಒಂದು ತಿಗಣೆ ಸಾವಕಾಶವಾಗಿ ವಾಕಿಂಗ್ ಹೊರಟಿತ್ತು.

ವೈನಿ ತಿರುಪನ್ನು ಕಹಿಯ ಗುರುತಿಗೆ ತಿರುಗಿಸಿ ಪ್ರಯೋಗ ಶುರುಮಾಡಿದರು. ಮಂದಾಕಿನಿ ಉಸಿರು ಬಿಗಿಹಿಡಿದು ಮಲಗಿದಳು. ದಿಂಬಿನ ಹೊಲಿಗೆಯಿಂದ ಹೊರಬಂದ ತಿಗಣೆಯೊಂದು ಅವಳ ಮೊಳಕೈಗೆ ಮೂತಿ ತಾಗಿಸಿತು. ತಾಗಿಸಿದ್ದೇ ತಡ, ಮೈ ಕೊಡವಿಕೊಂಡು ಬಂದ ದಾರಿಯಲ್ಲೇ ಓಟ ಕಿತ್ತಿತು!

“ನೋಡಿದ್ಯಾ!” ವೈನಿ ಕುಣಿದೇಬಿಟ್ಟರು. ಮಂದಾಕಿನಿಗೂ ಸಂತೋಷ ತಡೆಯಲಾಗಲಿಲ್ಲ. ಇನ್ನು ಎಷ್ಟು ಊರಾದರೂ ನೋಡಬಹುದು!

ಆ ಸಂತೋಷದಲ್ಲಿ ಚಹಾ ತರಿಸಿದರು. ಒಂದು ಗುಟುಕಿಗೆ ಮೂವರ ಮುಖವೂ ಕಿವುಚಿಕೊಂಡಿತು. ಕಡುಕಹಿ! ಕೆಳಗೆ ಊಟದ ಮನೆಯಲ್ಲೂ ಗದ್ದಲವೆದ್ದಿತು. ಪ್ರವಾಸಕ್ಕೆ ಬಂದಿದ್ದ ಅಜ್ಜನೊಬ್ಬ ಹೋಳಿಗೆಯನ್ನು ಉಗುಳಿ, ಅದರಲ್ಲಿ ಬೇವು ಅರೆದಿದ್ದಾರೆಂದು ಕೂಗಾಡುತ್ತಿದ್ದ. ಅಡುಗೆಯ ಮಲ್ಲವ್ವ ಸೌಟು ಹಿಡಿದು ಮೇಲೆ ಬಂದಳು.

“ಯಾರ್ರೀ ನನ್ನ ಹೋಳಿಗಿಗೆ ಮಾಟ ಮಾಡಿದವರು?”

“ವೈನೀ, ನಿಮ್ಮ ತರಂಗ ಎಷ್ಟು ದೂರ ಹೋಗತದ?”

“ಎರಡು ಮೊಳ ಅಂತ ಲೆಕ್ಕ ಹಾಕಿದ್ದೆ. ಸೊನ್ನಿ ಎಲ್ಲೋ ಬಿಟ್ಟೀನಿ ಅನಸತದ.”

“ಮೊದಲ ಬಂದ್ ಮಾಡ್ರಿ!”

ವೈನಿ ತಿರುಪನ್ನು ತಿರುಗಿಸಿದರು. ಅದು ಕಹಿಯನ್ನು ದಾಟಿ, ಸೊನ್ನೆಯನ್ನು ದಾಟಿ, ಆಚೆ ತುದಿಗೆ ಹೋಗಿ ಕಿತ್ತು ಅವರ ಕೈಗೇ ಬಂತು!

ಈಗ ಎಲ್ಲವೂ ಸಿಹಿ. ಕೆಳಗೆ ಅಜ್ಜ ಹಸಿಮೆಣಸಿನಕಾಯಿಯನ್ನು ಪೇಡೆಯಂತೆ ಚಪ್ಪರಿಸತೊಡಗಿದ. ಮಲ್ಲವ್ವ ಸೌಟು ನೆಕ್ಕಿ ನಕ್ಕಳು. ಆದರೆ ಸಿಹಿಯಾದದ್ದು ಮಂದಾಕಿನಿ ಕೂಡ! ಹಾಸಿಗೆಯಿಂದ, ಸ್ವಿಚ್ ಬೋರ್ಡಿನಿಂದ, ಕ್ಯಾಲೆಂಡರಿನ ಹಿಂದಿನಿಂದ ತಿಗಣೆಗಳು ದಂಡು ಕಟ್ಟಿ ಹೊರಬಿದ್ದವು.

“ಒಂದೂ ಇಲ್ಲ ಅಂದಿದ್ರಿ?” ಮಂದಾಕಿನಿ ಮೇಲಿನ ಮಂಚಕ್ಕೆ ಹತ್ತುತ್ತಾ ಕಿರುಚಿದಳು.

“ಇವು ನಮ್ಮವಲ್ರೀ! ಪ್ರವಾಸಕ್ಕ ಬಂದಾವು!”

ಬಳೆ ಬಿಚ್ಚಲು ಬರಲಿಲ್ಲ. ತಿಗಣೆಗಳು ಏಣಿಯ ಮೆಟ್ಟಿಲೇರುತ್ತಿದ್ದವು. “ಸಂಜಿ ಬಸ್ಸಲ್ಲ, ವೈನಿ, ಈಗ ಸಿಕ್ಕ ಬಸ್ಸಿಗೇ ಹೊಂಟೆ!” ಎನ್ನುವಾಗ ಮಂದಾಕಿನಿಯ ಕಣ್ಣಲ್ಲಿ ನೀರಾಡಿತು. ಇನ್ನೂ ನೋಡದ ಊರುಗಳು ಎಷ್ಟಿದ್ದವು!

ಅದೇ ಗಳಿಗೆಯಲ್ಲಿ ಕಿಟಕಿಯಿಂದ ಕೆಂಪಿರುವೆಗಳ ಸಾಲೊಂದು ಒಳಗಿಳಿಯಿತು. ಸಾಲು ಎರಡಾಯಿತು, ಹತ್ತಾಯಿತು. ಆ ತರಂಗದಲ್ಲಿ ಅವುಗಳ ಬಾಯಿಗೆ ತಿಗಣೆಗಳೂ ಬೆಲ್ಲದುಂಡೆಗಳೇ! ನಾಲ್ಕು ನಾಲ್ಕು ಇರುವೆಗಳು ಒಂದೊಂದು ತಿಗಣೆಗೆ ಹೆಗಲು ಕೊಟ್ಟು ಪಲ್ಲಕ್ಕಿಯಂತೆ ಹೊತ್ತುಕೊಂಡು ಕಿಟಕಿ ದಾಟಿದವು. ಕಾಲು ಗಂಟೆಯಲ್ಲಿ ಕೋಣೆ ಸ್ವಚ್ಛ! ಮಂದಾಕಿನಿ ಕೈಕಾಲು ಮುಟ್ಟಿ ಮುಟ್ಟಿ ನೋಡಿಕೊಂಡಳು. ಒಂದೇ ಒಂದು ಕಡಿತವೂ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಬಸ್ಸು?” ಎಂದು ವೈನಿ ಮೆಲ್ಲಗೆ ಕೇಳಿದರು.

“ನಾಳೆ ಮುಂದಿನ ಊರಿಗೆ!”

ಗುರುಸಿದ್ದಪ್ಪ ನಿಟ್ಟುಸಿರು ಬಿಟ್ಟು ಕೆಳಗಿನ ಮಂಚದ ಗಾದಿಯ ಮೇಲೆ ಕುಸಿದು ಕುಳಿತ. ಇರುವೆಗಳು ತಿರುಗಿ ಬಂದವು. ಇನ್ನೊಂದು ದೊಡ್ಡ ಬೆಲ್ಲದುಂಡೆ ಸಿಕ್ಕಿತೆಂಬಂತೆ ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗಾದಿಯ ಅಡಿಗೆ ನುಗ್ಗಿದವು. ಗಾದಿ ಒಮ್ಮೆ ಅಲುಗಿತು. ಆಮೇಲೆ ಗುರುಸಿದ್ದಪ್ಪನ ಸಮೇತ ಕಿಟಕಿಯ ಕಡೆಗೆ ಗೇಣುದ್ದ ಸರಿಯಿತು!

“ಅಕ್ಕಾರ! ಏನರೆ ಮಾಡ್ರೀ!”

ಮಂದಾಕಿನಿ ಮೇಲಿನಿಂದ ಬಗ್ಗಿ ಕಿಟಕಿಯ ಅಗಲವನ್ನೊಮ್ಮೆ, ಅವನ ಅಗಲವನ್ನೊಮ್ಮೆ ನೋಡಿದಳು.

“ಹೆದರಬ್ಯಾಡ್ರಿ, ಅದರಾಗ ನೀವು ಹಿಡಸೂದಿಲ್ಲ. ಬಾಗಲದಿಂದ ಒಯ್ಯಬೇಕಾಗತದ.”