ಕುರಿಯ ಲೆಕ್ಕವೊಂದು ಬಿಟ್ಟು

ಬರೆಯಲು ಕೂತು ಎರಡು ಸಾಲು ಆಗಿಲ್ಲ, ಮತ್ತೆ ಕರೆ ಬಂತು. "ಅವ್ವಾ, ಈ ಲೆಕ್ಕ ಬರವಲ್ದು." ರೊಟ್ಟಿ ಬಡಿಯುವಾಗ ಕರೆಯುತ್ತಾಳೆ, ಬಟ್ಟೆ ಒಗೆಯುವಾಗ ಕರೆಯುತ್ತಾಳೆ, ಈಗ ಪೆನ್ನು ಹಿಡಿದರೂ ಬಿಡುವುದಿಲ್ಲ. ನಾನು ಓದಿದ್ದು ಹತ್ತನೇ ತರಗತಿ. ಅಲ್ಲಿಗೆ ಶಾಲೆ ಬಿಡಿಸಿ ಮದುವೆ ಮಾಡಿದರು. ಆದರೂ ಹತ್ತಿಕುಣಿ ಹತ್ತಿರದ ಈ ಊರಲ್ಲಿ, ನಮ್ಮ ಮನೆಯ ಮಟ್ಟಿಗೆ, ಗಣಿತದ ಪಂಡಿತೆ ನಾನೇ.

ಮಗಳು ಐದನೇ ತರಗತಿ. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆಂದು ಇಡೀ ವರ್ಷ ಇಬ್ಬರೂ ಕೂಡಿ ಲೆಕ್ಕ ಬಿಡಿಸಿದೆವು. ಅಲ್ಲಿ ಸೀಟು ಸಿಕ್ಕರೆ ಅವಳ ಓದು ನನ್ನದರಂತೆ ಹತ್ತಕ್ಕೆ ನಿಲ್ಲುವುದಿಲ್ಲ ಎಂಬುದು ನನ್ನ ಲೆಕ್ಕ. ಒಂದೇ ಮಾರ್ಕಿಗೆ ಸೀಟು ತಪ್ಪಿದ ಮಕ್ಕಳು ನಮ್ಮ ಓಣಿಯಲ್ಲೇ ಇದ್ದಾರೆ. ಪರೀಕ್ಷೆ ಮುಗಿದಿದೆ, ಫಲಿತಾಂಶ ಬಂದಿಲ್ಲ, ಅವಳು ಕರೆಯುವುದಂತೂ ನಿಂತಿಲ್ಲ.

೧. ರೊಟ್ಟಿ

"ಒಂದು ರೊಟ್ಟಿ ಮಾಡಲು ನಾಲ್ಕು ನಿಮಿಷ ಬೇಕು. ಹದಿನೈದು ರೊಟ್ಟಿ ಮಾಡಲು ಎಷ್ಟು ನಿಮಿಷ ಬೇಕು?"

ಮಗಳು ಅರವತ್ತು ಎಂದು ಬರೆದಿದ್ದಳು. ನಾನು ಅಳಿಸಲು ಹೇಳಿದೆ. ಬಡಿಯಲು ಎರಡು ನಿಮಿಷ, ಬೇಯಲು ಎರಡು ನಿಮಿಷ. ಒಂದು ಹಂಚಿನ ಮೇಲಿರುವಾಗ ನಾನೇನು ಕೈಕಟ್ಟಿ ಕೂರುತ್ತೇನೆಯೇ? ಮುಂದಿನದನ್ನು ಬಡಿಯುತ್ತಿರುತ್ತೇನೆ. ಮೊದಲ ರೊಟ್ಟಿಗೆ ನಾಲ್ಕು, ಆಮೇಲೆ ಎರಡೆರಡು ನಿಮಿಷಕ್ಕೆ ಒಂದೊಂದು ಇಳಿಯುತ್ತದೆ. ಎಲ್ಲ ಸೇರಿ ಮೂವತ್ತೆರಡು ಎಂದು ಬರೆಸಿದೆ.

ಮರುದಿನ ಅದರ ಮೇಲೆ ಕೆಂಪು ಗೆರೆ ಬಂತು. ನಾನೇ ಶಾಲೆಗೆ ಹೋಗಿ ಗಣಿತದ ಸರ್‌ಗೆ ಬಿಡಿಸಿ ಹೇಳಿದೆ. ಪುಸ್ತಕದಲ್ಲಿ ಅರವತ್ತು ಇದೆ ಎನ್ನುವುದನ್ನು ಅವರು ಬಿಡಲಿಲ್ಲ.

"ಸರ್, ನಿಮಗ ರೊಟ್ಟಿ ಯಾರು ಮಾಡ್ತಾರ್ರಿ?" ಎಂದು ಕೇಳಿದೆ.

ಮನೆಯವರು ತಮ್ಮ ಊರಲ್ಲಿದ್ದಾರೆ, ತಾವು ಉಣ್ಣುವುದು ಯಾದಗಿರಿಯ ಒಂದು ಖಾನಾವಳಿಯಲ್ಲಿ ಎಂದರು. ಆಮೇಲೆ ಕೆಂಪು ಪೆನ್ನಿನ ಮುಚ್ಚಳ ಹಾಕುತ್ತ ಹೇಳಿದರು:

"ಅಲ್ಲಿ ಅರವತ್ತೇ ಆಗ್ತದ್ರಿ."

೨. ಹರಗೋಲು

ರಜೆಗೆ ತಿಂಥಣಿಯ ತವರಿಗೆ ಹೋದರೂ ಲೆಕ್ಕದ ಪುಸ್ತಕ ಚೀಲದಲ್ಲೇ ಇತ್ತು. ನನ್ನ ಅಣ್ಣ ಅಲ್ಲಿ ಹೊಳೆಯಲ್ಲಿ ಮೀನು ಹಿಡಿಯುತ್ತಾನೆ, ಕರೆದರೆ ಹರಗೋಲಿನಲ್ಲಿ ಜನರನ್ನೂ ದಾಟಿಸುತ್ತಾನೆ. ಅವನ ಎದುರಿಗೇ ಈ ಲೆಕ್ಕ ಬಂತು. ದೋಣಿಯಲ್ಲಿ ಎಂಟು ಜನ ಕೂರಬಹುದು, ಮೂವತ್ತು ಜನ ನದಿ ದಾಟಬೇಕು, ದೋಣಿ ಎಷ್ಟು ಸಲ ಹೋಗಬೇಕು?

ಮಗಳು ಭಾಗಿಸಿ, ಮೂರು ಸಲ, ಶೇಷ ಆರು ಎಂದು ಬರೆದಳು.

"ಶೇಷ ಅಂದ್ರ ಇಲ್ಲಿ ಮನಷ್ಯಾರು," ಎಂದೆ. "ಅವರಿಗೂ ಮನಿ ಐತಿ. ದಂಡಿಮ್ಯಾಲ ಬಿಟ್ಟು ಬಂದ್ರ ನಡೀತದೇನು?"

ಹೌದಲ್ಲ ಎಂದು ತಲೆ ಕೆರೆದುಕೊಂಡಳು. ನಾನು ಒಲೆಯ ಕಡೆ ಹೋದೆ. ತಿದ್ದಿ ನಾಲ್ಕು ಎಂದು ಬರೆದಿರುತ್ತಾಳೆ ಅಂದುಕೊಂಡೆ. ಸಂಜೆ ತೆರೆದು ನೋಡಿದರೆ ಅಂದವಾದ ಅಕ್ಷರದಲ್ಲಿ ಹೀಗಿತ್ತು: "ಮೂರು ಸಲ. ಉಳಿದ ಆರು ಜನರು ಬ್ರಿಡ್ಜ್ ಮೇಲೆ ಬಸ್ಸಿಗೆ ಹೋದರು."

ಯಾರು ಹೇಳಿಕೊಟ್ಟರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅಣ್ಣ ಬಲೆ ಹೊಲಿಯುತ್ತ ತಲೆ ಎತ್ತದೆ ಹೇಳಿದ: "ನಾಲ್ಕನೇ ಸಲಕ್ಕ ನನ್ನ ರಟ್ಟಿ ಬಿದ್ದಿರ್ತಾವ. ಆ ಆರು ಮಂದಿ ಹೆಣ್ಮಕ್ಕಳಾದ್ರ ಬಸ್ಸಿನಾಗ ಟಿಕೆಟ್ಟೂ ಇಲ್ಲ."

೩. ಉಳ್ಳಾಗಡ್ಡಿ

ನನ್ನ ಮಾವನವರದು ಕುರಿ ಸಾಕಣೆ. ಭಿನ್ನರಾಶಿ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಗಬೇಕು? ಮಗಳನ್ನು ಕರೆದುಕೊಂಡು ಹೋಗಿ ದೊಡ್ಡಿಯ ಬಾಗಿಲಲ್ಲಿ ನಿಲ್ಲಿಸಿ, "ಎಣಸು, ಅದರಾಗ ಅರ್ಧ ಎಷ್ಟು, ಕಾಲು ಎಷ್ಟು ಹೇಳು," ಎಂದೆ. ಅವಳು ಬೆರಳು ಚಾಚಿ ಏಳರವರೆಗೆ ಹೋಗಿದ್ದಳು. ಮಾವ ಓಡಿಬಂದು ಆ ಬೆರಳು ಹಿಡಿದರು.

"ಕುರಿ ಎಣಸಬಾರದವ್ವ. ಎಣಿಸಿದ್ರ ದೃಷ್ಟಿ ತಾಕಿ ಕಡಿಮಿ ಆಗ್ತಾವ."

ಹಾಗಾದರೆ ಒಂದು ತಪ್ಪಿಸಿಕೊಂಡರೆ ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದೆ. ಪ್ರತಿಯೊಂದರ ಮುಖ ನೋಡಿದರೆ ಯಾವುದು ಬಂದಿಲ್ಲ ಎಂದು ತಿಳಿಯುತ್ತದೆ ಎಂದರು. ಅಷ್ಟಕ್ಕೆ ನಿಲ್ಲಿಸದೆ, "ನೀ ಮಗಳು ಮನಿಗೆ ಬಂದಾಳೋ ಇಲ್ಲೋ ಅಂತ ಎಣಿಸಿ ನೋಡ್ತೀಯೇನು?" ಎಂದೂ ಕೇಳಿದರು. ಇರುವವಳು ಒಬ್ಬಳೇ, ಎಣಿಸುವುದೇನು ಎಂದು ನಾನು ಬಾಯೊಳಗೇ ಅಂದುಕೊಂಡೆ.

ಅಂದಿನಿಂದ ಕುರಿಯ ಬದಲು ಉಳ್ಳಾಗಡ್ಡಿ ಹರಡಿಕೊಂಡು ಕೂತೆವು. ಅರ್ಧ, ಕಾಲು, ಮುಕ್ಕಾಲು ಎಲ್ಲ ಬಂದವು. ಕಾಲು ಭಾಗ ಕಲಿತ ದಿನ ನಾಲ್ಕು ಮಂದಿಗಾಗುವಷ್ಟು ಪಲ್ಯವೂ ಆಯಿತು.

೪. ಪರೀಕ್ಷೆ

ಪರೀಕ್ಷೆ ಯಾದಗಿರಿಯಲ್ಲಿ. ಮಗಳು ನಗುತ್ತಲೇ ಹೊರಗೆ ಬಂದಳು. ಎಲ್ಲ ಬರೆದೆಯಾ ಎಂದು ಕೇಳಿದೆ. ಒಂದು ಬಿಟ್ಟೆ ಎಂದಳು. ಬರಲಿಲ್ಲವೇ ಎಂದರೆ, ಬರುತ್ತಿತ್ತು ಎಂದಳು.

"ಮತ್ತ ಯಾಕ ಬಿಟ್ಟಿ?"

"ಕುರಿದಿತ್ತವ್ವ. ಅಜ್ಜ ಎಣಸಬ್ಯಾಡ ಅಂದಾನಲ್ಲ."

ಊರಲ್ಲಿ ಬಸ್ಸು ಇಳಿದವಳೇ ಮಗಳನ್ನು ಕರೆದುಕೊಂಡು ನೇರ ದೊಡ್ಡಿಗೆ ಹೋದೆ. ಹೊತ್ತು ಇಳಿದಿತ್ತು, ಮಾವ ಒಳಗೆ ಹೋಗುವ ಒಂದೊಂದು ಕುರಿಯ ಮುಖ ನೋಡುತ್ತ ನಿಂತಿದ್ದರು.

"ಮಾವ, ನಿಮ್ಮ ಕುರಿ ನನ್ನ ಮಗಳ ಒಂದು ಮಾರ್ಕು ಮೇಯ್ದಾವ್ರಿ," ಎಂದೆ.

ಅವರು ಸಿಟ್ಟಾಗಲಿಲ್ಲ. ಏನು ಕೇಳಿದ್ದರು ಎಂದು ಮೊಮ್ಮಗಳನ್ನು ವಿಚಾರಿಸಿದರು. ಅವಳು ಪ್ರಶ್ನೆಯನ್ನು ಇದ್ದ ಹಾಗೇ ಒಪ್ಪಿಸಿದಳು: ಒಬ್ಬ ಕುರಿಗಾರನ ಬಳಿ ನಲವತ್ತೆಂಟು ಕುರಿಗಳಿವೆ, ಅದರಲ್ಲಿ ಕಾಲು ಭಾಗ ಕಳೆದುಹೋದವು, ಉಳಿದವು ಎಷ್ಟು?

ನಾನು ಬಾಯಿ ತೆರೆಯುವ ಮೊದಲೇ ಮಾವ, "ಹನ್ನೆರಡು ಹೋದವು," ಎಂದರು. ಶಾಲೆಯ ಕಟ್ಟೆ ಹತ್ತದ ಮನುಷ್ಯ. ಮುಖ ಮಾತ್ರ ತಮ್ಮ ಕುರಿಗಳೇ ಹೋದವೇನೋ ಎಂಬಂತೆ ಸಣ್ಣದಾಗಿತ್ತು.

"ಉಳಿದದ್ದು ಮೂವತ್ತಾರು. ಅಷ್ಟು ಬರೆದಿದ್ರ ಮುಗೀತಿತ್ರಿ," ಎಂದೆ. "ಒಂದು ಕುರಿಗೂ ಬೆರಳು ತೋರಿಸಬೇಕಾಗಿರಲಿಲ್ಲ."

ಮಾವ ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಕೋಲು ಊರಿಕೊಂಡು ನನ್ನ ಕಡೆ ತಿರುಗಿದರು. ಮಗಳೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅದು ಇರಲಿ ಯವ್ವಾ, ಹನ್ನೆರಡು ಕಳಕೊಂಡು ಆ ಪುಣ್ಯಾತ್ಮ ಉಳಿದದ್ದು ಎಣಿಸಿಕೋತ ಯಾಕ ಕುಂತಾನ? ಹುಡಕಾಕ ಹೋಗೂದಿಲ್ಲೇನು?"