ಸಣ್ಣ ಸಾವಕಾರರ ದೊಡ್ಡ ಟರ್ಬೊ

ಗ್ಯಾರೇಜು ಇಟ್ಟವನನ್ನು ನಗು ಬರುವ ಸಂಗತಿಗಳು ತಾವೇ ಹುಡುಕಿಕೊಂಡು ಬರುತ್ತವೆ. ನಗಲು ಪುರುಸೊತ್ತು ಮಾತ್ರ ಎಷ್ಟೋ ವರ್ಷಗಳ ಮೇಲೆ ಸಿಗುತ್ತದೆ.

ನನ್ನ ಗ್ಯಾರೇಜು ಬೈಲಹೊಂಗಲದಲ್ಲಿ. ಟ್ರ್ಯಾಕ್ಟರ್, ಜೀಪು, ಟೆಂಪೊ ನನ್ನ ಕಾಯಂ ಗಿರಾಕಿಗಳು. ಅವುಗಳ ರೋಗ ನನಗೆ ಗೊತ್ತು, ನನ್ನ ಬೈಗುಳ ಅವಕ್ಕೆ ಗೊತ್ತು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಊರಿನ ಹತ್ತಿ ವ್ಯಾಪಾರಿಯೊಬ್ಬರ ಮಗ, ನಾವೆಲ್ಲ ಸಣ್ಣ ಸಾವಕಾರರು ಅನ್ನುತ್ತಿದ್ದವರು, ಮುಂಬೈಯಿಂದ ಒಂದು ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ತಂದರು. ಮೊದಲು ಇಟ್ಟುಕೊಂಡವರು ಅದಕ್ಕೆ ಅಗಲ ಟೈರು, ಹಿಂದೊಂದು ರೆಕ್ಕೆ, ಎಣ್ಣೆ ಡಬ್ಬಿಯಂಥ ಸೈಲೆನ್ಸರ್ ಎಲ್ಲ ಹಾಕಿಸಿ, ಹಡೆದ ಜಪಾನಿನವರಿಗೂ ಗುರುತು ಸಿಗದ ಹಾಗೆ ಮಾಡಿದ್ದರು. ಅಷ್ಟು ಸಾಲದೆಂದು ನಮ್ಮ ಸಾವಕಾರರಿಗೆ ಅದಕ್ಕೊಂದು ದೊಡ್ಡ ಟರ್ಬೊ ಕೂಡಿಸುವ ಆಸೆ. ಎಂಜಿನ್ನಿನೊಳಗೆ ಹೆಚ್ಚು ಗಾಳಿ ತುಂಬಿ ಗಾಡಿಯನ್ನು ಜೋರು ಓಡಿಸುವ ಯಂತ್ರ ಅದು. ನಾನು ಲಾರಿಗಳಲ್ಲಿ ನೋಡಿದ್ದೆ. ಬೆಳಗಾವಿಯಲ್ಲಿ ಯಾರೂ ಈ ಕೆಲಸಕ್ಕೆ ಒಪ್ಪಲಿಲ್ಲ. ನಾನು ಒಪ್ಪಿದೆ. ಯಾಕೆ ಒಪ್ಪಿದಿರಿ ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ.

ಕುಂತ ಗಾಡಿ

ಗಾಡಿ ನನ್ನ ಗ್ಯಾರೇಜಿಗೆ ಬಂದ ಮೊದಲ ದಿನವೇ ಒಳಗೆ ಬರಲಿಲ್ಲ. ಬಾಗಿಲ ಮುಂದಿನ ಗಟಾರದ ಮೇಲೆ ಒಂದು ಹಾಸುಗಲ್ಲು ಇದೆ. ಇಷ್ಟು ವರ್ಷ ಎಲ್ಲ ಗಾಡಿಗಳೂ ಅದನ್ನು ಲೆಕ್ಕಕ್ಕೆ ಇಡದೆ ದಾಟಿದ್ದವು. ಇದರ ಹೊಟ್ಟೆ ಅಲ್ಲಿ ಸಿಕ್ಕಿಕೊಂಡಿತು. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಎದ್ದು ಬಂದ.

"ಸ್ಪ್ರಿಂಗಿನ ಪಾಟಾ ಮುರದಾವೇನೋ ಮಿಸ್ತ್ರಿ? ಗಾಡಿ ಕುಂತಬಿಟ್ಟೈತಿ."

"ಮುರದಿಲ್ಲ ಅಜ್ಜಾ. ಬೇಕಂತನ ಕೆಳಗ ಇಳಿಸ್ಯಾರ."

"ಬೇಕಂತ?"

"ಹೂಂ. ಜಪಾನಿ ಗಾಡಿ. ಹಿಂಗ ಇರಬೇಕಂತ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಸಣ್ಣ ಸಾವಕಾರರು ಮೊದಲು ಒಂದು ಕಾಲು ಹೊರಗಿಟ್ಟರು, ಆಮೇಲೆ ಎರಡೂ ಕೈ ನೆಲಕ್ಕೆ ಊರಿದರು, ಕೊನೆಗೆ ಅಂಬೆಗಾಲಿನಲ್ಲಿ ಹೊರಬಂದರು. ಅಜ್ಜ ಕೈ ಕೊಟ್ಟು ಎಬ್ಬಿಸಿ, ಅವರ ಮೊಳಕಾಲಿನ ಧೂಳು ತಾನೇ ಝಾಡಿಸಿ, ಮರುಗಿ ಹೇಳಿದ: "ತಮ್ಮಾ, ಇಷ್ಟ ಕೆಳಗ ಕುಂದರಾಕ ಮುಂಬೈತನಕ ಯಾಕ ಹೋದಿ? ಹೇಳಿದ್ರ ನಾನ ಒಂದ ಚಾಪಿ ಹಾಸತಿದ್ದೆ."

ಎಷ್ಟು ಇಂಚಿನ ಪಂಪು?

ಟರ್ಬೊ ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂತು. ಬಸವನಹುಳುವಿನ ಚಿಪ್ಪಿನಂತೆ ಸುರುಳಿ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಯಾವುದೋ ದೊಡ್ಡ ಲಾರಿಯದಿರಬೇಕು ಎಂದು ನನಗೆ ಅನುಮಾನ ಬಂತು. ಸಾವಕಾರರ ಮುಖದ ಮೇಲಿನ ಸಂತೋಷ ನೋಡಿ ಸುಮ್ಮನಾದೆ.

ಟ್ರ್ಯಾಕ್ಟರ್ ರಿಪೇರಿಗೆ ತಂದು ಕಾಯುತ್ತಿದ್ದ ಮುನವಳ್ಳಿಯ ರೈತರೊಬ್ಬರು ಅದನ್ನು ಸುತ್ತಲೂ ನೋಡಿ, ಬೆರಳಿನಿಂದ ಬಾರಿಸಿ, ಬಾಯಿಯ ಅಗಲಕ್ಕೆ ಗೇಣು ಹಾಕಿದರು.

"ಚಲೋ ಐತ್ರಿ. ಎಷ್ಟ ಇಂಚ ನೀರ ಬಿಡತೈತಿ?"

"ನೀರಿನ ಪಂಪ ಅಲ್ರಿ ಗೌಡ್ರ," ಅಂದೆ. "ಇದು ಗಾಳಿ ಎಳದು ಎಂಜಿನ್ನಿಗೆ ತುಂಬತೈತಿ."

"ಈಗ ಎಂಜಿನ್ನಿಗೆ ಗಾಳಿ ಹೋಗೂದಿಲ್ಲೇನು?"

"ಹೋಗತೈತ್ರಿ. ಇನ್ನಷ್ಟ ಬೇಕಂತ."

"ಯಾಕ?"

"ಜೋರ ಓಡಾಕ."

"ಎಲ್ಲಿಗೆ?"

ನಾನು ಸಣ್ಣ ಸಾವಕಾರರ ಮುಖ ನೋಡಿದೆ. ಅವರು ರಸ್ತೆ ನೋಡಿದರು. ರಸ್ತೆಯ ನಡುವೆ ಎಮ್ಮೆಯೊಂದು ಮಲಗಿತ್ತು.

"ಹಿಂಗ... ಕಿತ್ತೂರಿಗೆ," ಅಂದರು ಸಾವಕಾರರು.

ರೈತರು ಟರ್ಬೊವನ್ನು ನಿಧಾನಕ್ಕೆ ಗೋಣಿಚೀಲದ ಮೇಲೆ ಇಟ್ಟರು. "ಕಿತ್ತೂರಿಗೆ ಬಸ್ಸ ಐತಲ್ರಿ," ಅಂದರು.

ಜಾಗ

ಕೂಡಿಸಲು ಹೋದರೆ ಟರ್ಬೊಗೆ ಬಾನೆಟ್ಟಿನ ಕೆಳಗೆ ಜಾಗವೇ ಇಲ್ಲ. ಒಂದು ಕಡೆಯಿಂದ ತೆಗೆಯುತ್ತ ಬಂದೆ. ಬ್ಯಾಟರಿಯನ್ನು ಡಿಕ್ಕಿಗೆ ಒಯ್ದೆ. ಹಾರ್ನು ಬಿಚ್ಚಿದೆ. ಎಸಿ ಪೂರ್ತಿ ಇಳಿಸಿದೆ. ಪ್ರತಿ ಸಲವೂ ಸಾವಕಾರರದು ಒಂದೇ ಮಾತು, "ತಗೀರಿ ಮಿಸ್ತ್ರಿ." ಆದರೂ ಅದು ಮೇಲೆ ಗೇಣುದ್ದ ಎದ್ದೇ ನಿಂತಿತು. ಕೊನೆಗೆ ಬಾನೆಟ್ಟು ಕೊರೆದು, ಕಾಳು ತುಂಬುವ ತಗಡಿನ ಕಣಜ ಮಾಡುವವನಿಂದ ಒಂದು ಡಬ್ಬಿ ಮಾಡಿಸಿ ಮೇಲೆ ಬಡಿದೆವು. ಗಾಳಿ ಒಳಗೆ ಹೋಗಲೆಂದು ಅದಕ್ಕೆ ಮುಂದುಗಡೆ ದೊಡ್ಡ ಬಾಯಿ.

ಸುಡು ಬೇಸಿಗೆ. ಸಾವಕಾರರ ಹೆಂಡತಿ, ನಮಗೆಲ್ಲ ವೈನಿ, ಅಂದರೆ ಅತ್ತಿಗೆ, ಗಾಡಿ ನೋಡಲು ಬಂದರು. ಅವರ ತವರು ರಾಮದುರ್ಗ. ಇದೇ ಗಾಡಿಯಲ್ಲಿ ಹೋಗುವುದೆಂದು ಮಾತಾಗಿತ್ತಂತೆ. ಒಳಗೆ ಕೂತು ಎಸಿ ಗುಂಡಿ ತಿರುಗಿಸಿದರು.

"ಮಿಸ್ತ್ರಿ ಅಣ್ಣಾ, ಎಸಿ?"

"ತಗದೇನ್ರಿ ವೈನಿ."

"ಹಾರ್ನ?"

"ಅದನ್ನೂ ತಗದೇನ್ರಿ."

"ನನ್ನ ಟ್ರಂಕ ಡಿಕ್ಕಿಯೊಳಗ ಹಿಡಿತೈತೇನು?"

"ಡಿಕ್ಕಿಯೊಳಗ ಬ್ಯಾಟರಿ ಐತ್ರಿ."

ವೈನಿ ಗಂಡನ ಕಡೆ ತಿರುಗಿದರು. "ಇನ್ನೂ ಜಾಗ ಕಡಿಮಿ ಬಿದ್ದರ ನನ್ನ ಸೀಟೂ ತಗಸ್ರಿ. ನಾ ಬಸ್ಸಿಗೆ ಹೋಗತೇನಿ."

ಮದುವೆಯಾದ ಯಾವ ಗಂಡಸಿಗಾದರೂ ಅಲ್ಲಿ ಏನು ಹೇಳಬಾರದು ಅನ್ನುವುದು ಗೊತ್ತಿರುತ್ತದೆ. ನಮ್ಮ ಸಾವಕಾರರು ಮಾತ್ರ ಆಸೆಯಿಂದ ನನ್ನ ಮುಖ ನೋಡಿ ಕೇಳಿದರು: "ಹೌದು ಮಿಸ್ತ್ರಿ, ಸೀಟ ತಗದ್ರ ಎಷ್ಟ ತೂಕ ಕಡಿಮಿ ಆದೀತು?"

ವೈನಿ ಮಧ್ಯಾಹ್ನದ ಬಸ್ಸಿಗೇ ರಾಮದುರ್ಗಕ್ಕೆ ಹೋದರು.

ಟರ್ಬೊ ಏಳೂದು

ಎಲ್ಲ ಕೂಡಿಸಿ ಆದ ಮೇಲೆ ಕಿತ್ತೂರು ರಸ್ತೆಗೆ ಟ್ರಯಲ್ ಹೊರಟೆವು. ಸಾವಕಾರರು ಸ್ಟೇರಿಂಗಿಗೆ, ನಾನು ಪಕ್ಕದ ಸೀಟಿಗೆ. ಟರ್ಬೊ ದೊಡ್ಡದಾದರೆ ಒಂದು ತೊಂದರೆ. ಗಾಡಿ ವೇಗ ಹಿಡಿಯುವವರೆಗೆ ಅದು ಮಲಗಿರುತ್ತದೆ. ಅದು ಏಳುವವರೆಗೆ ಗಾಡಿ ವೇಗ ಹಿಡಿಯುವುದಿಲ್ಲ.

ಸಾವಕಾರರು ಎಕ್ಸಲೇಟರ್ ಒತ್ತಿದರು. ಇಬ್ಬರೂ ಕಾದೆವು.

"ಎದ್ದಿತೇನ್ರಿ?" ಅಂದೆ.

"ಏಳತೈತಿ, ತಡೀರಿ."

ಸಣ್ಣಗೆ ಸೀಟಿಯ ಸದ್ದು ಶುರುವಾಯಿತು. "ಎದ್ದಿತು, ಎದ್ದಿತು!" ಅನ್ನುವಷ್ಟರಲ್ಲಿ ಸ್ಪೀಡ್ ಬ್ರೇಕರ್ ಬಂತು. ನೇರ ಹತ್ತಿದರೆ ಹೊಟ್ಟೆ ತಾಗುತ್ತದೆ. ಅಡ್ಡಡ್ಡ ತಿರುಗಿಸಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸಿದೆವು. ಟರ್ಬೊ ಮತ್ತೆ ಮಲಗಿತು. ಮತ್ತೆ ಒತ್ತಿದರು, ಮತ್ತೆ ಸೀಟಿ, ಈ ಸಲ ಕುರಿ ಹಿಂಡು. ಮತ್ತೊಂದು ಸಲ ಮದುವೆ ಟ್ರ್ಯಾಕ್ಟರು. ಅದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಸ್ಪೀಡ್ ಬ್ರೇಕರ್. ಕಿತ್ತೂರು ಬಂತು, ಟರ್ಬೊ ಏಳಲಿಲ್ಲ.

ವಾಪಸು ಬರುವಾಗ ಕಡೆಯ ಸ್ಪೀಡ್ ಬ್ರೇಕರಿನ ಮೇಲೆ ನಾವು ಅಡ್ಡಡ್ಡ ನಿಂತಿದ್ದೆವು. ಹಿಂದಿನಿಂದ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರು ಬಂದು, ಪಕ್ಕದಲ್ಲಿ ದಡಕ್ಕೆಂದು ಹತ್ತಿ ಇಳಿದು ಮುಂದೆ ಹೋಯಿತು. ಅದು ನಾನೇ ರಿಪೇರಿ ಮಾಡಿದ ಟ್ರ್ಯಾಕ್ಟರು. ಡ್ರೈವರ್ ನನ್ನ ಗುರುತು ಹಿಡಿದು, ನಿಲ್ಲಿಸಿ, ಕೆಳಗಿಳಿದು ಬಂದು ಕಿಟಕಿಗೆ ಬಗ್ಗಿ ಕೇಳಿದ:

"ಮಿಸ್ತ್ರಿ, ಹಗ್ಗ ಐತಿ. ಕಟ್ಟಿ ಎಳೀಲೇನ್ರಿ?"

ಸೀಟಿ

ವೈನಿಯನ್ನು ಕರೆತರಲು ಸಾವಕಾರರು ರಾಮದುರ್ಗಕ್ಕೆ ಹೊರಟರು. ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ಸ್ಪಾನರ್ ಡಬ್ಬಿಯ ಜೊತೆ ನನ್ನನ್ನೂ ಹೇರಿಕೊಂಡರು. ಎಕ್ಸಲೇಟರ್ ಬಿಟ್ಟಾಗಲೆಲ್ಲ ಆ ಟರ್ಬೊ ಒಳಗಿನ ಗಾಳಿಯನ್ನು 'ಪುಸ್ಸ್' ಎಂದು ಹೊರಗೆ ಬಿಡುತ್ತಿತ್ತು. ಸವದತ್ತಿ ಪೇಟೆಯಲ್ಲಿ ಜನ ಎರಡೂ ಕಡೆಯಿಂದ "ಪಂಚರ್! ಪಂಚರ್!" ಎಂದು ಕೂಗಿದರು. ಪಂಚರ್ ಅಂಗಡಿಯವನು ಜಾಕು ಹಿಡಿದು ಬಹಳ ದೂರ ಓಡಿಬಂದ. ಪಾಪ, ಅವನ ಮುಂದೆ ನಮ್ಮ ವೇಗ ಏನೂ ಹೆಚ್ಚಿರಲಿಲ್ಲ.

ರಾಮದುರ್ಗದ ಮನೆ ಓಣಿ ಇಕ್ಕಟ್ಟು. ಹಿಂದೆ ಮುಂದೆ ಮಾಡಿ ಗಾಡಿ ನಿಲ್ಲಿಸುವಷ್ಟರಲ್ಲಿ ನಾಲ್ಕಾರು ಸಲ 'ಪುಸ್ಸ್' ಆಯಿತು. ಸಾವಕಾರರ ಅತ್ತೆ ಒಳಗೆ ಅಳಿಯನಿಗೆಂದೇ ಬೇಳೆ ಇಟ್ಟಿದ್ದರಂತೆ. ಕುಕ್ಕರಿನ ಸೀಟಿ ಎಂದುಕೊಂಡು ಓಡಿಹೋಗಿ ಒಲೆ ಆರಿಸಿದರು. ಊಟಕ್ಕೆ ಕೂತರೆ ಬೇಳೆ ಕಲ್ಲು ಕಲ್ಲು. ಅಳಿಯಂದಿರು ಕಟಕಟ ಅಗಿದರು. ನಾನೂ ಅಗಿದೆ.

ವೈನಿ ಬಡಿಸುತ್ತಲೇ ತೀರ್ಮಾನ ಹೇಳಿದರು: "ಮಾವನವರು ಆ ಗಾಡಿ ನೋಡಿ ಹೂಂ ಅಂದ್ರ ನಾನೂ ಹೂಂ. ಅಲ್ಲೀತನಕ ಬ್ಯಾಳಿ ಬೇಯೂದಿಲ್ಲ."

ದೊಡ್ಡ ಸಾವಕಾರರು

ಮಾವನವರು ಅಂದರೆ ದೊಡ್ಡ ಸಾವಕಾರರು. ಬಿಳೀ ಧೋತರ, ಬಿಳೀ ಅಂಗಿ, ಬಿಳೀ ಗಾಂಧಿ ಟೊಪ್ಪಿಗೆ. ಬೈಲಹೊಂಗಲದಲ್ಲಿ ಅವರ ಬರಿದಲೆ ನೋಡಿದವರು ಯಾರೂ ಇರಲಿಲ್ಲ. ಮಗನ ಗಾಡಿಯ ಬಗ್ಗೆ ಅಲ್ಲಿಯತನಕ ಒಂದು ಮಾತೂ ಆಡಿರಲಿಲ್ಲ. ಒಂದು ಬೆಳಗ್ಗೆ ತಾವೇ ಗ್ಯಾರೇಜಿಗೆ ಬಂದರು. ಹಿಂದೆ, ರಾಮದುರ್ಗದಿಂದ ಬಸ್ಸಿಗೇ ವಾಪಸಾಗಿದ್ದ ವೈನಿ. ಅವರ ಹಿಂದೆ, ಸುದ್ದಿ ಹೇಗೆ ಹಬ್ಬಿತೋ, ಅರ್ಧ ಪೇಟೆ.

ಸಣ್ಣ ಸಾವಕಾರರು ಒಳಗೆ ಕೂತು ಎಂಜಿನ್ ಚಾಲೂ ಮಾಡಿದ್ದರು. ಕಸ ಒಳಗೆ ಹೋಗದಿರಲೆಂದು ಡಬ್ಬಿಯ ಬಾಯಿಗೆ ನಾನು ಹಾಕಿದ್ದ ತಂತಿ ಜಾಳಿಗೆಯನ್ನು, ಸದ್ದು ಚಲೋ ಬರಲೆಂದು ಅವತ್ತು ಬೆಳಗ್ಗೆಯೇ ತೆಗೆದುಬಿಟ್ಟಿದ್ದರು. ಅದು ನನಗೆ ಗೊತ್ತಿರಲಿಲ್ಲ.

ದೊಡ್ಡ ಸಾವಕಾರರು ಗಾಡಿಗೆ ಒಂದು ಸುತ್ತು ಬಂದು, ಡಬ್ಬಿಯ ಮುಂದೆ ನಿಂತರು. "ಇದೇನು ಮಿಸ್ತ್ರಿ?"

"ಗಾಳಿ ಎಳಕೊಳ್ಳೂ ಬಾಯಿರೀ ಸಾವಕಾರ್ರ."

"ಹಂಗಾ?" ಎಂದು ಒಳಗೆ ನೋಡಲು ಬಗ್ಗಿದರು. ಅಪ್ಪನಿಗೆ ಸದ್ದು ಕೇಳಬೇಕಾಗಿದೆ ಎಂದುಕೊಂಡ ಮಗ ಕಾಲು ಪೂರ್ತಿ ಒತ್ತಿದರು. ಇಷ್ಟು ದಿನ ಎಬ್ಬಿಸಿದರೂ ಏಳದ ಆ ಪುಣ್ಯಾತ್ಮ ಅವತ್ತು ಎದ್ದ. 'ಹೂಂ' ಎಂದು ಒಂದು ಉಸಿರು ಎಳೆದ. ದೊಡ್ಡ ಸಾವಕಾರರ ತಲೆಯ ಮೇಲಿನ ಟೊಪ್ಪಿಗೆ ಒಳಗೆ ಹೋಯಿತು. ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು.

ದೊಡ್ಡ ಸಾವಕಾರರು ನಿಧಾನವಾಗಿ ತಲೆಯ ಮೇಲೆ ಕೈಯಾಡಿಸಿಕೊಂಡರು. ಒಂದೂ ಕೂದಲಿರಲಿಲ್ಲ. ನಾನು ಪಕ್ಕಡ ಹಿಡಿದು ಒಳಗಿನಿಂದ ಚಿಂದಿಗಳನ್ನು ಒಂದೊಂದಾಗಿ ಎಳೆದು ಬಾನೆಟ್ಟಿನ ಮೇಲೆ ಇಡತೊಡಗಿದೆ. ಮಗ ಅಂಬೆಗಾಲಿನಲ್ಲಿ ಹೊರಬಂದು ನೆಲದ ಮೇಲಿಂದಲೇ, "ಅಪ್ಪಾ, ಜಾಳಿಗಿ ಹಾಕಸ್ತೇನಿ," ಅಂದರು.

"ಮಿಸ್ತ್ರಿ," ಅಂದರು ದೊಡ್ಡ ಸಾವಕಾರರು, ದನಿ ಏರಿಸದೆ. "ತಗದದ್ದೆಲ್ಲಾ ಹಾಕು. ಹಾಕಿದ್ದೆಲ್ಲಾ ತಗಿ."

ಅಷ್ಟು ಕೆಲಸ ಮತ್ತೆ ಮಾಡಬೇಕಲ್ಲ ಎಂದು ನಾನು ಅಲ್ಲೇ ಟೈರಿನ ಮೇಲೆ ಕುಸಿದು ಕೂತೆ. ಬ್ಯಾಟರಿ, ಹಾರ್ನು, ಎಸಿ ಎಲ್ಲ ಮರಳಿ ಕೂಡಿಸಿ, ವೈನಿ ಅದೇ ಗಾಡಿಯಲ್ಲಿ ತಣ್ಣಗೆ ತವರಿಗೆ ಹೋಗಿಬಂದದ್ದು ಆಮೇಲಿನ ಮಾತು. ಅವತ್ತು ಎಲ್ಲರಿಗಿಂತ ಮೊದಲು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡವರೂ ಅವರೇ. ಸೊಸೆಯ ನಗು ನೋಡಿ ದೊಡ್ಡ ಸಾವಕಾರರ ಮೀಸೆಯೂ ಅಲುಗಿತು. ಬಾನೆಟ್ಟಿನ ಮೇಲಿನ ಚಿಂದಿಯೊಂದನ್ನು ಎತ್ತಿ ಪೇಟೆಗೆಲ್ಲ ತೋರಿಸಿದರು.

"ಮುಂಬೈದಾವ್ರು ನನ್ನ ಮಗಗ ಟೊಪ್ಪಿಗಿ ಹಾಕ್ಯಾರಂತ ನೀವೆಲ್ಲಾ ಹಿಂದ ಮಾತಾಡಕೋತ ಇದ್ರಲ್ಲಾ," ಅಂದರು. "ನೋಡ್ರಿ, ಆ ಗಾಡಿಗೆ ಇವತ್ತ ನಾ ಹಾಕೇನಿ."